ಸುನ್ ಲುತಾಂಗರು: ತೈಜಿ ವಿದ್ಯೆಯ ಒಬ್ಬ ಆಚಾರ್ಯರ ಶೀಲ ಮತ್ತು ಸಾಧನೆ

ಚೀನಾ ದೇಶದ ಮುಷ್ಟಿವಿದ್ಯೆಗಳಲ್ಲಿ ತೈಜಿಚ್ವಾನ್ ಎಂಬುದು ಇಂದು ಸರ್ವತ್ರ ಪ್ರಸಿದ್ಧವಾಗಿದೆ. ‘ಚ್ವಾನ್’ ಎಂದರೆ ಮುಷ್ಟಿ. ‘ತೈಜಿ’ ಎಂದರೆ ಯಿನ್ ಮತ್ತು ಯಾಂಗ್ ಎಂಬ ದ್ವಂದ್ವಕ್ಕೆ ಮೂಲವೆಂದು ಚೀನೀ ದಾರ್ಶನಿಕರು ಹೇಳುವ ಪರಮತತ್ತ್ವ. ಮಂದಗತಿಯ, ಅವಿಚ್ಛಿನ್ನವಾದ ಅಂಗಚಲನೆಗಳಿಂದ ಕೂಡಿದ ಈ ವಿದ್ಯೆಯನ್ನು ‘ತೈ ಚಿ’ ಎಂಬ ಹೆಸರಿನಿಂದ ನಮ್ಮ ಓದುಗರಲ್ಲಿ ಅನೇಕರು ಬಲ್ಲರು. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆದರೆ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇದು ಒಂದೆರಡು ಗ್ರಾಮಗಳ ಕೆಲವೇ ಮನೆತನಗಳಲ್ಲಿ ಅಡಗಿದ್ದ ವಿದ್ಯೆಯಾಗಿತ್ತು. ಮನೆಯ ವಿದ್ಯೆ ಲೋಕದ ವಿದ್ಯೆಯಾದ ಈ ಪರಿವರ್ತನೆಯಲ್ಲಿ ಪ್ರಧಾನಪಾತ್ರ ವಹಿಸಿದವರಲ್ಲಿ ಸುನ್ ಲುತಾಂಗರು (1860–1933) ಒಬ್ಬರು. ಅವರ ಜೀವನವನ್ನೂ ಗ್ರಂಥಗಳನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿ, ಅವರ ಸಾಧನೆಯ ನಿಜವಾದ ಸ್ವರೂಪವನ್ನು ಗೊತ್ತುಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ವಿದ್ಯೆಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಆಧಾರಗಳದು. ಮುಷ್ಟಿವಿದ್ಯೆಯ ಆಚಾರ್ಯರಲ್ಲಿ ಬಹುಮಂದಿ ಅಕ್ಷರಸ್ಥರಲ್ಲ. ಅವರ ಜ್ಞಾನವೆಲ್ಲ ಅವರ ತೋಳುಕಾಲುಗಳಲ್ಲಿ ಇತ್ತು. ಗುರುವಿನ ದೇಹದಿಂದ ಶಿಷ್ಯನ ದೇಹಕ್ಕೆ ಇಳಿದುಬರುತ್ತಿತ್ತು. ನಮ್ಮ ಗರಡಿಮನೆಗಳ ಉಸ್ತಾದರ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಯೋಗ್ಯನಾದ ಶಿಷ್ಯ ದೊರೆಯದೆ ಗುರು ತೀರಿಕೊಂಡರೆ ವಿದ್ಯೆಯೂ ಅವನೊಡನೆ ಮಣ್ಣಾಗುತ್ತಿತ್ತು. ಉಳಿದದ್ದು ಐತಿಹ್ಯ ಮಾತ್ರ. ಒಬ್ಬನೇ ಹಲವರನ್ನು ಕೆಡವಿದ ಕಥೆ, ಗೋಡೆಯನ್ನು ಹಕ್ಕಿಯಂತೆ ಹಾರಿದ ಕಥೆ ಪ್ರತಿಯೊಬ್ಬ ಆಚಾರ್ಯನ ಸುತ್ತಲೂ ಬೆಳೆದಿವೆ. ಸುನ್ ಲುತಾಂಗರೂ ಇದಕ್ಕೆ ಹೊರತಲ್ಲ. ಆದರೆ ಅವರು ತಮ್ಮ ವಿದ್ಯೆಯನ್ನು ತಾವೇ ಬರೆದಿಟ್ಟರು. ಆದುದರಿಂದ ಅವರನ್ನು ಕುರಿತು ಐತಿಹ್ಯದ ಆಚೆಗೂ ಮಾತನಾಡುವುದು ಸಾಧ್ಯವಾಗಿದೆ.

ಅವರಿಗೆ ತೈಜಿ ವಿದ್ಯೆ ಬಂದ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ನೋಡಬೇಕು. ಹೆನಾನ್ ಪ್ರಾಂತದ ಚೆನ್‌ಜ್ಯಾಗೋ ಎಂಬ ಗ್ರಾಮದಲ್ಲಿ ಚೆನ್ ಮನೆತನದವರು ಈ ವಿದ್ಯೆಯನ್ನು ತಲೆಮಾರುಗಳಿಂದ ಅಭ್ಯಾಸಮಾಡುತ್ತಿದ್ದರು. ಆ ಮನೆತನದ ಚೆನ್ ಚಾಂಗ್‌ಷಿಂಗರಿಂದ (1771–1853) ಹೆಬೇ ಪ್ರಾಂತದ ಯೋಂಗ್‌ನಿಯನ್ನಿನ ಯಾಂಗ್ ಲುಚಾನರು (1799–1872) ಅದನ್ನು ಕಲಿತು ಬೀಜಿಂಗಿಗೆ ತಂದರು. ಯೋಂಗ್‌ನಿಯನ್ನಿನವರೇ ಆದ ವೂ ಯುಷಿಯಾಂಗರು (1812–1880) ಮೊದಲು ಯಾಂಗರಲ್ಲಿಯೂ ಅನಂತರ ಚೆನ್ ಚಿಂಗ್‌ಪಿಂಗರಲ್ಲಿಯೂ ಕಲಿತು ಮತ್ತೊಂದು ಶಾಖೆಯನ್ನು ಬೆಳೆಸಿದರು. ಅವರ ಸೋದರಳಿಯ ಲಿ ಯಿಯು (1832–1892), ಲಿ ಯಿಯು ಅವರ ಶಿಷ್ಯ ಹಾಓ ವೇಜನ್ (1849–1920), ಹಾಓ ಅವರ ಶಿಷ್ಯ ಸುನ್ ಲುತಾಂಗ್, ಹೀಗೆ ಈ ಶಾಖೆ ಮುಂದುವರಿಯಿತು. ಇಂದು ಪ್ರಧಾನವೆಂದು ಎಣಿಸಲಾಗುವ ತೈಜಿಯ ಐದು ಸಂಪ್ರದಾಯಗಳಲ್ಲಿ ಸುನ್ ಸಂಪ್ರದಾಯವು ಕಾಲಕ್ರಮದಲ್ಲಿ ಕೊನೆಯದು.

ಲುತಾಂಗರ ಜನ್ಮನಾಮ ಸುನ್ ಫುಚ್ವಾನ್. ಹೆಬೇ ಪ್ರಾಂತದಲ್ಲಿ ಬಾವೋದಿಂಗ್ ನಗರಕ್ಕೆ ಸಮೀಪವಾದ ವಾನ್ ಎಂಬಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬರೆಯುವ ಕುಂಚಗಳನ್ನು ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತರೆಂದು ಶಿಷ್ಯರು ಬರೆದ ಚರಿತ್ರೆಗಳು ಹೇಳುತ್ತವೆ. ಅವರು ಮೊದಲು ಕಲಿತದ್ದು ಷಿಂಗ್‌ಯಿ ಎಂಬ ನೇರ ಪ್ರಹಾರದ ವಿದ್ಯೆ. ಅದನ್ನು ಲಿ ಕ್ವೇಯುವಾನರಲ್ಲಿ ಕಲಿತು, ಆಮೇಲೆ ಲಿ ಅವರ ಗುರುಗಳಾದ ಗ್ವೋ ಯುನ್‌ಷೆನರ ಬಳಿಯಲ್ಲಿಯೇ ಅಭ್ಯಾಸವನ್ನು ಮುಂದುವರಿಸಿದರು. ಗುರುಗಳು ಕುದುರೆಯ ಮೇಲೆ ಹೋಗುವಾಗ ಶಿಷ್ಯನು ಕುದುರೆಯ ಬಾಲವನ್ನು ಹಿಡಿದು ಓಡುತ್ತಿದ್ದನೆಂಬ ಕಥೆ ಈ ಕಾಲಕ್ಕೆ ಸೇರಿದ್ದು. ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಅದು ಸೂಚಿಸುವ ಗುರುನಿಷ್ಠೆ ಮಾತ್ರ ಲುತಾಂಗರ ಬರವಣಿಗೆಯಲ್ಲಿ ಉದ್ದಕ್ಕೂ ಕಂಡುಬರುತ್ತದೆ. ಅನಂತರ ಬೀಜಿಂಗಿನಲ್ಲಿ ಚೆಂಗ್ ತಿಂಗ್‌ಹ್ವಾ ಎಂಬವರಿಂದ ವರ್ತುಲಾಕಾರವಾಗಿ ನಡೆಯುತ್ತ ಅಭ್ಯಾಸಮಾಡುವ ಬಾಗ್ವಾ ವಿದ್ಯೆಯನ್ನು ಪಡೆದರು. ಚೆಂಗರು ಕನ್ನಡಕದ ವ್ಯಾಪಾರಿಗಳು. ‘ಕನ್ನಡಕದ ಚೆಂಗ್’ ಎಂದೇ ಜನ ಅವರನ್ನು ಕರೆಯುತ್ತಿದ್ದರು.

1900ನೆಯ ವರ್ಷವು ಈ ವಿದ್ಯೆಗಳ ಚರಿತ್ರೆಯಲ್ಲಿ ಒಂದು ಸಂಧಿಕಾಲ. ಮುಷ್ಟಿವಿದ್ಯೆಯನ್ನೂ ಮಂತ್ರತಂತ್ರಗಳನ್ನೂ ನಂಬಿ ಪರದೇಶೀಯರ ವಿರುದ್ಧ ಎದ್ದ ‘ಬಾಕ್ಸರ್’ ದಂಗೆಯನ್ನು ಎಂಟು ರಾಷ್ಟ್ರಗಳ ಸೈನ್ಯ ಅಡಗಿಸಿತು. ಗುಂಡಿನೆದುರು ಮಂತ್ರ ನಡೆಯಲಿಲ್ಲ. ಬೀಜಿಂಗ್ ನಗರವು ಆ ಸೈನ್ಯದ ವಶವಾಗಿದ್ದಾಗ ಚೆಂಗ್ ತಿಂಗ್‌ಹ್ವಾ ಅವರೂ ವಿದೇಶೀ ಸೈನಿಕರಿಂದ ಹತರಾದರು. ಮರುವರ್ಷ, 1901ರಲ್ಲಿ, ಚಿಂಗ್ ಸರ್ಕಾರವು ಬಿಲ್ಲುಬಾಣಗಳ ಹಳೆಯ ಸೈನಿಕ ಪರೀಕ್ಷೆಗಳನ್ನು ರದ್ದುಗೊಳಿಸಿತು. ರೈಲು ಬಂದ ಮೇಲೆ ವರ್ತಕರ ಸರಕಿಗೆ ಕಾವಲು ಹೋಗುವ ವೃತ್ತಿಯೂ ಕ್ಷೀಣಿಸಿತು. ಯುದ್ಧಕ್ಕೆ ಬೇಡವಾದ, ಜೀವನೋಪಾಯಕ್ಕೂ ಒದಗದ, ಸುಶಿಕ್ಷಿತರ ದೃಷ್ಟಿಯಲ್ಲಿ ಮೂಢನಂಬಿಕೆಗೆ ಪರ್ಯಾಯವಾಗಿದ್ದ ಈ ವಿದ್ಯೆ ಇನ್ನು ಯಾವ ಕಾರಣಕ್ಕಾಗಿ ಉಳಿಯಬೇಕು? ಲುತಾಂಗರ ಉತ್ತರಾರ್ಧ ಜೀವನವು ಈ ಪ್ರಶ್ನೆಗೆ ಕೊಟ್ಟ ಉತ್ತರವೆನ್ನಬಹುದು.

ಆ ಉತ್ತರಕ್ಕೆ ಬೀಜವಾದ ಘಟನೆ ಗಣರಾಜ್ಯ ಸ್ಥಾಪನೆಯ ಆಸುಪಾಸಿನ ವರ್ಷಗಳಲ್ಲಿ ನಡೆಯಿತು. ಹಾಓ ವೇಜನರು ಸ್ನೇಹಿತರನ್ನು ಕಾಣಲು ಬೀಜಿಂಗಿಗೆ ಬಂದವರು ಅಲ್ಲಿ ತೀವ್ರವಾದ ಆಮಶಂಕೆಗೆ ತುತ್ತಾದರು. ಅಪರಿಚಿತ ನಗರ; ವಯಸ್ಸು ಅರುವತ್ತು ಮೀರಿತ್ತು. ಲುತಾಂಗರಿಗೂ ಅವರಿಗೂ ಹಿಂದಿನ ಬಳಕೆ ಇರಲಿಲ್ಲ. ಆದರೂ ಲುತಾಂಗರು ವೈದ್ಯರನ್ನು ಕರೆಸಿ, ಔಷಧವನ್ನು ತಾವೇ ಕೊಟ್ಟು, ರೋಗಿಯು ಚೇತರಿಸಿಕೊಳ್ಳುವವರೆಗೆ ಹಗಲಿರುಳು ಶುಶ್ರೂಷೆ ಮಾಡಿದರು. ಗುಣಮುಖರಾದ ಹಾಓ ಅವರು ಈ ಋಣವನ್ನು ತೀರಿಸಲು ತಮ್ಮಲ್ಲಿರುವುದು ವಿದ್ಯೆಯೊಂದೇ ಎಂದು ಹೇಳಿ, ತಮಗೆ ತಿಳಿದ ತೈಜಿಯನ್ನು ಕಲಿಸಿಕೊಟ್ಟರು. ಈ ಪ್ರಸಂಗವನ್ನು ಲುತಾಂಗರೇ ದಾಖಲಿಸಿದ್ದಾರೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಒಂದು, ವಿದ್ಯೆ ದೊರೆತದ್ದು ಯಾಚನೆಯಿಂದಲ್ಲ, ಫಲಾಪೇಕ್ಷೆಯಿಲ್ಲದ ಸೇವೆಯಿಂದ. ಎರಡು, ಆ ವೇಳೆಗೆ ಲುತಾಂಗರು ಐವತ್ತರ ವಯಸ್ಸಿನವರು. ಎರಡು ವಿದ್ಯೆಗಳಲ್ಲಿ ಆಚಾರ್ಯರೆಂದು ಹೆಸರಾಗಿದ್ದವರು. ಅಂತಹವರು ಮತ್ತೊಬ್ಬರ ಮುಂದೆ ಹೊಸ ವಿದ್ಯಾರ್ಥಿಯಾಗಿ ನಿಂತರು. ಸ್ವಂತ ಕೀರ್ತಿಯನ್ನು ಕಾಯ್ದುಕೊಳ್ಳುವುದೇ ಮುಖ್ಯವಾಗಿದ್ದ ಆ ಕಾಲದ ಮುಷ್ಟಿವಿದ್ಯೆಯ ಸಮಾಜದಲ್ಲಿ ಇದು ಸುಲಭವಾದ ಮಾತಾಗಿರಲಿಲ್ಲ.

ಹೀಗೆ ಪಡೆದುದನ್ನು ಅವರು ಬಚ್ಚಿಟ್ಟುಕೊಳ್ಳಲಿಲ್ಲ. 1915ರಲ್ಲಿ ‘ಷಿಂಗ್‌ಯಿ ಚ್ವಾನ್ ಷ್ವೆ’ ಎಂಬ ಅವರ ಮೊದಲ ಗ್ರಂಥ ಹೊರಬಂದಿತು. ಬಾಗ್ವಾ ವಿದ್ಯೆಯನ್ನು ಕುರಿತ ಗ್ರಂಥ ಅದನ್ನು ಹಿಂಬಾಲಿಸಿತು. ‘ತೈಜಿ ಚ್ವಾನ್ ಷ್ವೆ’ಯನ್ನು 1919ರಲ್ಲಿ ಬರೆದು ಮುಗಿಸಿದರು, ಅದು 1921ರಲ್ಲಿ ಪ್ರಕಟವಾಯಿತು. ಈ ಹೆಸರುಗಳ ಕೊನೆಯಲ್ಲಿರುವ ‘ಷ್ವೆ’ ಎಂಬ ಪದವನ್ನು ಓದುಗರು ಲಕ್ಷಿಸಬೇಕು. ಅದರ ಅರ್ಥ ಅಧ್ಯಯನ ಅಥವಾ ಶಾಸ್ತ್ರ. ಸಾಹಿತ್ಯಪಂಡಿತರು ತಮ್ಮ ವ್ಯಾಸಂಗಕ್ಕೆ ಮೀಸಲಾಗಿಟ್ಟುಕೊಂಡಿದ್ದ ಆ ಪದವನ್ನು, ಕುಂಚದಂಗಡಿಯ ಆಳಾಗಿದ್ದವನೊಬ್ಬನು ಮುಷ್ಟಿವಿದ್ಯೆಗೆ ಅನ್ವಯಿಸಿದನು. ತೈಜಿಯನ್ನು ಕುರಿತ ಗ್ರಂಥದ ಮೊದಲ ಭಾಗದಲ್ಲಿ ಒಬ್ಬನೇ ಮಾಡುವ ಅಭ್ಯಾಸಕ್ರಮವೂ ಎರಡನೆಯ ಭಾಗದಲ್ಲಿ ಇಬ್ಬರು ಎದುರುಬದುರಾಗಿ ಮಾಡುವ ಅಭ್ಯಾಸಗಳೂ ಇವೆ. ಗುರುವಿನ ಸಾನ್ನಿಧ್ಯವಿಲ್ಲದ ಓದುಗನೂ ತನ್ನ ತಪ್ಪನ್ನು ತಿದ್ದಿಕೊಳ್ಳುವಂತೆ ಪ್ರತಿಯೊಂದು ಭಂಗಿಯನ್ನೂ ಕ್ರಮವಾಗಿ ವಿವರಿಸಿ, ಚಿತ್ರಗಳನ್ನೂ ಕೊಟ್ಟಿದ್ದಾರೆ.

1919ನೆಯ ವರ್ಷದ ಮಹತ್ತ್ವವನ್ನು ಇನ್ನಷ್ಟು ವಿಶದಪಡಿಸುವುದು ಅಗತ್ಯ. ಅದಕ್ಕೆ ಹಿಂದಿನ ವರ್ಷವೇ ಸುಪ್ರಸಿದ್ಧ ಲೇಖಕ ಲು ಷುನರು ‘ನವಯುವಕ’ ಎಂಬ ಅರ್ಥದ ಹೆಸರುಳ್ಳ ಪತ್ರಿಕೆಯಲ್ಲಿ ಮುಷ್ಟಿವಿದ್ಯೆಯ ಪುನರುಜ್ಜೀವನವನ್ನು ತೀಕ್ಷ್ಣವಾಗಿ ಟೀಕಿಸಿ, 1900ರ ದಂಗೆಯ ಮೌಢ್ಯವನ್ನು ಜನರಿಗೆ ನೆನಪಿಸಿದ್ದರು. ಆ ಟೀಕೆಯಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಇನ್ನೊಂದು ಕಡೆ, ಚೆನ್‌ಜ್ಯಾಗೋ ಗ್ರಾಮದಲ್ಲಿ ವೃದ್ಧ ವಿದ್ವಾಂಸರಾದ ಚೆನ್ ಷಿನ್ ಎಂಬವರು ತಮ್ಮ ಮನೆತನದ ವಿದ್ಯೆಯನ್ನು ಕುರಿತ ಬೃಹದ್ಗ್ರಂಥವನ್ನು ಹನ್ನೆರಡು ವರ್ಷ ಶ್ರಮಿಸಿ ಅದೇ 1919ರಲ್ಲಿ ಮುಗಿಸಿದ್ದರು. ಅವರು 1929ರಲ್ಲಿ ಕಾಲವಾದರು. ಗ್ರಂಥ ಅಚ್ಚಾದದ್ದು 1933ರಲ್ಲಿ. ಈ ಎರಡು ಗ್ರಂಥಗಳ ಗತಿಯನ್ನು ಹೋಲಿಸಿದರೆ, ವಿದ್ಯೆಯನ್ನು ಬರೆದಿಡುವುದಷ್ಟೇ ಸಾಲದು, ಅದನ್ನು ಜನರ ಕೈಗೆ ಮುಟ್ಟಿಸುವುದೂ ಆಚಾರ್ಯನ ಕರ್ತವ್ಯವೆಂಬುದು ಮನವರಿಕೆಯಾಗುತ್ತದೆ.

ಲುತಾಂಗರು ರೂಪಿಸಿದ ತೈಜಿಯಲ್ಲಿ ಅವರು ಕಲಿತ ಮೂರು ವಿದ್ಯೆಗಳೂ ಬೆರೆತಿವೆ. ದೇಹವನ್ನು ಬಹಳ ತಗ್ಗಿಸದೆ ಸಹಜವಾದ ಎತ್ತರದಲ್ಲಿ ನಿಲ್ಲುವುದು. ಒಂದು ಕಾಲು ಮುಂದೆ ಹೋದರೆ ಮತ್ತೊಂದು ಅದನ್ನು ಹಿಂಬಾಲಿಸುವುದು, ಒಂದು ಹಿಂದೆ ಸರಿದರೆ ಮತ್ತೊಂದೂ ಹಿಂದೆ ಸರಿಯುವುದು. ದಿಕ್ಕು ಬದಲಾದಾಗ ಎದೆಯ ಮುಂದೆ ಎರಡೂ ಕೈಗಳನ್ನು ಅಗಲಿಸಿ ಮತ್ತೆ ಸೇರಿಸುವುದು ಇದರ ಲಕ್ಷಣಗಳು. ಷಿಂಗ್‌ಯಿ, ಬಾಗ್ವಾ, ತೈಜಿ ಈ ಮೂರರ ಮಾರ್ಗಗಳು ಬೇರೆಯಾದರೂ ತತ್ತ್ವ ಒಂದೇ ಎಂಬುದು ಅವರ ಸಿದ್ಧಾಂತ. ಒಂದೊಂದು ಪಂಗಡವೂ ತನ್ನದೇ ಶ್ರೇಷ್ಠವೆಂದು ಕಲಹಮಾಡುತ್ತಿದ್ದ ದಿನಗಳಲ್ಲಿ ಈ ಸಮನ್ವಯದೃಷ್ಟಿಗೆ ಶಾಸ್ತ್ರೀಯ ಮೌಲ್ಯದ ಜೊತೆಗೆ ನೈತಿಕ ಮೌಲ್ಯವೂ ಇದ್ದಿತು.

ಇತಿಹಾಸಕಾರನಿಗೆ ಅತ್ಯಂತ ಉಪಯುಕ್ತವಾದ ಅವರ ಗ್ರಂಥವೆಂದರೆ 1924ರಲ್ಲಿ ಪ್ರಕಟವಾದ ‘ಚ್ವಾನ್ ಯಿ ಷು ಜೆನ್’. ಇದರಲ್ಲಿ ಮೂರು ವಿದ್ಯೆಗಳ ಹಿರಿಯರ ಸಂಕ್ಷಿಪ್ತ ಚರಿತ್ರೆಗಳಿವೆ. ಅವರು ಆಡಿದ ಮಾತುಗಳನ್ನು ಅವರವರ ಹೆಸರಿನ ಕೆಳಗೆಯೇ ಕೊಡಲಾಗಿದೆ. ಗ್ವೋ ಯುನ್‌ಷೆನರ ಉಪದೇಶಗಳು ಇಲ್ಲಿ ವಿಸ್ತಾರವಾಗಿ ಉಳಿದಿವೆ. ಹಾಓ ವೇಜನರು ಅಭ್ಯಾಸದ ಮೂರು ಹಂತಗಳನ್ನು ನೀರಿನ ಉಪಮೆಯಿಂದ ವಿವರಿಸಿದ ಪ್ರಕರಣವೂ ಇದರಲ್ಲಿದೆ. ಮೊದಲ ಹಂತದಲ್ಲಿ ಸಾಧಕನು ನೀರಿನಲ್ಲಿ ನಿಂತು ತಳವನ್ನು ಮೆಟ್ಟಿ ನಡೆಯುವವನಂತೆ ಇರುತ್ತಾನೆ. ಎರಡನೆಯದರಲ್ಲಿ ಕಾಲು ತಳಕ್ಕೆ ತಾಗದೆ ಈಜುವವನಂತೆ. ಮೂರನೆಯದರಲ್ಲಿ ದೇಹ ಹಗುರವಾಗಿ ನೀರಿನ ಮೇಲೆಯೇ ನಡೆಯುವವನಂತೆ. ಲುತಾಂಗರು ಈ ಮಾತುಗಳನ್ನು ತಮ್ಮ ಸ್ವಂತ ಸಿದ್ಧಾಂತದೊಳಗೆ ಕರಗಿಸಿಕೊಂಡು ಹೆಸರು ಪಡೆಯಬಹುದಾಗಿತ್ತು. ಹಾಗೆ ಮಾಡದೆ, ಯಾರ ಮಾತನ್ನು ಅವರದೆಂದೇ ಬರೆದರು. ಸಂಶೋಧಕನಲ್ಲಿ ನಾವು ನಿರೀಕ್ಷಿಸುವ ಪ್ರಾಮಾಣಿಕತೆ ಇದೇ ಅಲ್ಲವೆ?

ಹೀಗೆಂದ ಮಾತ್ರಕ್ಕೆ ಅವರ ಬರವಣಿಗೆಯೆಲ್ಲವೂ ಪ್ರಮಾಣವೆಂದು ಹೇಳುವಂತಿಲ್ಲ. ತೈಜಿಯ ಮೂಲಪುರುಷನು ಜಾಂಗ್ ಸಾನ್‌ಫೆಂಗ್ ಎಂಬ ತಾವೋ ಯೋಗಿಯೆಂಬ ಅನುಶ್ರುತಿಯನ್ನು ಅವರು ತಮ್ಮ ಕಾಲದ ಇತರರಂತೆಯೇ ಒಪ್ಪಿಕೊಂಡರು. 1930ರ ದಶಕದಲ್ಲಿ ತಾಂಗ್ ಹಾಓ ಎಂಬ ವಿದ್ವಾಂಸರು ಚೆನ್‌ಜ್ಯಾಗೋಗೆ ಸ್ವತಃ ಹೋಗಿ, ವಂಶಾವಳಿಗಳನ್ನು ಶೋಧಿಸಿ, ಹದಿನೇಳನೆಯ ಶತಮಾನದ ಚೆನ್ ವಾಂಗ್‌ತಿಂಗರೇ ಮೂಲಪುರುಷರೆಂದು ವಾದಿಸಿದರು. ಮೂಲದ ಚರ್ಚೆಗೆ ಲುತಾಂಗರ ಗ್ರಂಥವನ್ನು ಆಶ್ರಯಿಸುವುದು ಸರಿಯಲ್ಲ. ಅವರು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಎಲ್ಲಿದೆಯೋ ಅಲ್ಲಿ ಅವರ ಸಾಕ್ಷ್ಯ ಅಮೂಲ್ಯ.

1928ರಲ್ಲಿ ನಾನ್‌ಜಿಂಗ್ ನಗರದಲ್ಲಿ ಕೇಂದ್ರ ರಾಷ್ಟ್ರೀಯ ಮುಷ್ಟಿವಿದ್ಯಾ ಸಂಸ್ಥೆ ಸ್ಥಾಪಿತವಾದಾಗ ಲುತಾಂಗರಿಗೆ ಅಲ್ಲಿಂದ ಕರೆ ಬಂದಿತು. ಅಲ್ಲಿ ಸ್ವಲ್ಪ ಕಾಲವಿದ್ದು, ಅನಂತರ ಜಿಯಾಂಗ್ಸು ಪ್ರಾಂತದ ಸಂಸ್ಥೆಯಲ್ಲಿ ಶಿಕ್ಷಣದ ಹೊಣೆಯನ್ನು ವಹಿಸಿಕೊಂಡರು. ತಮ್ಮ ಮಗಳು ಸುನ್ ಜಿಯೆನ್‌ಯುನರಿಗೂ (1914–2003) ವಿದ್ಯೆಯನ್ನು ಪೂರ್ಣವಾಗಿ ಕಲಿಸಿದರು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಮನೆ ಸೇರುವುದರಿಂದ ಅವರಿಗೆ ಮನೆತನದ ವಿದ್ಯೆಯನ್ನು ಕಲಿಸಬಾರದೆಂಬ ಭಾವನೆ ಬಲವಾಗಿದ್ದ ಸಮಾಜದಲ್ಲಿ ಇದು ದಿಟ್ಟ ಹೆಜ್ಜೆ. ತಂದೆಯ ಸಂಪ್ರದಾಯವನ್ನು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಬೀಜಿಂಗಿನಲ್ಲಿ ಉಳಿಸಿ ಬೆಳೆಸಿದವರಲ್ಲಿ ಆ ಮಗಳೇ ಅಗ್ರಗಣ್ಯರು. 1933ರಲ್ಲಿ ಹುಟ್ಟೂರಿಗೆ ಹಿಂದಿರುಗಿದ ಲುತಾಂಗರು ಆ ವರ್ಷದ ಡಿಸೆಂಬರಿನಲ್ಲಿ ದೇಹತ್ಯಾಗ ಮಾಡಿದರು. ಮರಣದ ದಿನವನ್ನು ಮುಂಚಿತವಾಗಿಯೇ ತಿಳಿಸಿ, ಶಾಂತವಾಗಿ ಕುಳಿತಂತೆಯೇ ಕಣ್ಣುಮುಚ್ಚಿದರೆಂದು ಶಿಷ್ಯರು ಹೇಳುತ್ತ ಬಂದಿದ್ದಾರೆ. ಇದು ಭಕ್ತಿಯ ಮಾತು. ಇದನ್ನು ಖಂಡಿಸುವ ಅಥವಾ ಸಮರ್ಥಿಸುವ ಗೋಜು ಚರಿತ್ರೆಗೆ ಬೇಡ.

ಅವರ ವಿದ್ಯೆಯು ಅವರು ಊಹಿಸದಿದ್ದ ಎಡೆಗಳಿಗೂ ಮುಟ್ಟಿದೆ. 1997ರಲ್ಲಿ ಆಸ್ಟ್ರೇಲಿಯಾದ ವೈದ್ಯ ಪಾಲ್ ಲ್ಯಾಮ್ ಅವರು ಸಂಧಿವಾತದ ರೋಗಿಗಳಿಗಾಗಿ ಒಂದು ಅಭ್ಯಾಸಕ್ರಮವನ್ನು ಏರ್ಪಡಿಸಿದಾಗ ಆರಿಸಿಕೊಂಡದ್ದು ಮುಖ್ಯವಾಗಿ ಸುನ್ ಸಂಪ್ರದಾಯವನ್ನು. ಅದರ ಎತ್ತರದ ನಿಲುವೂ ಹಿಂಬಾಲಿಸುವ ಹೆಜ್ಜೆಯೂ ನೊಂದ ಮೊಣಕಾಲುಗಳಿಗೆ ಅನುಕೂಲವಾದವು. 2003ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಸಂಶೋಧಕರ ಅಧ್ಯಯನವೊಂದರಲ್ಲಿ, ಹನ್ನೆರಡು ವಾರಗಳ ಕಾಲ ಇದನ್ನು ಅಭ್ಯಸಿಸಿದ ವೃದ್ಧಸ್ತ್ರೀಯರಿಗೆ ಕೀಲುನೋವು ಕಡಮೆಯಾಗಿ ದೇಹದ ಸಮತೋಲ ಉತ್ತಮಗೊಂಡಿತೆಂದು ಕಂಡುಬಂದಿತು. ಸರಕು ಕಾಯುವವರ, ಕಾದಾಡುವವರ ವಿದ್ಯೆ ಹೀಗೆ ರೋಗಿಗಳ ನೆರವಿಗೆ ಬಂದಿತು.

ಒಟ್ಟಿನಲ್ಲಿ ಹೇಳುವುದಾದರೆ, ಸುನ್ ಲುತಾಂಗರ ಹಿರಿಮೆಯನ್ನು ಅವರು ಗೆದ್ದ ಪಂದ್ಯಗಳ ಕಥೆಗಳಿಂದ ಅಳೆಯಬೇಕಾಗಿಲ್ಲ. ಬಾಗಿಲು ಮುಚ್ಚಿ ಕಲಿಸುತ್ತಿದ್ದ ವಿದ್ಯೆಯನ್ನು ಅವರು ಅಚ್ಚಿನ ಪುಟಕ್ಕೆ ತಂದರು. ಗುರುಗಳ ಮಾತನ್ನು ಗುರುಗಳ ಹೆಸರಿನಲ್ಲಿಯೇ ಉಳಿಸಿದರು. ಹೊಸದನ್ನು ಕಲಿಯಲು ತಮ್ಮ ವಯಸ್ಸನ್ನಾಗಲಿ ಪ್ರತಿಷ್ಠೆಯನ್ನಾಗಲಿ ಅಡ್ಡಬರಗೊಡಲಿಲ್ಲ. ಇವು ಮೂರೂ ಶೀಲಕ್ಕೆ ಸಂಬಂಧಿಸಿದ ಗುಣಗಳು. ಅವರ ವಿಷಯದಲ್ಲಿ ಇವೇ ಐತಿಹಾಸಿಕ ಕಾರಣಗಳೂ ಆದವು. ಪರಿಚಯವಿಲ್ಲದ ರೋಗಿಯ ಹಾಸಿಗೆಯ ಬಳಿ ಕುಳಿತು ಔಷಧ ಕೊಟ್ಟ ಮನಸ್ಸೇ ಪರಿಚಯವಿಲ್ಲದ ಓದುಗನಿಗಾಗಿ ಗ್ರಂಥವನ್ನೂ ಬರೆಯಿತು. ನಮ್ಮ ನಾಡಿನ ಗರಡಿಗಳಲ್ಲಿ, ಸಂಗೀತಗಾರರ ಮತ್ತು ಕುಶಲಕರ್ಮಿಗಳ ಮನೆಗಳಲ್ಲಿ ಬರವಣಿಗೆಗೆ ಇಳಿಯದೆ ಉಳಿದಿರುವ ವಿದ್ಯೆಗಳು ಇನ್ನೂ ಎಷ್ಟೋ ಇವೆ. ಅವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಮಾತನ್ನು ಅವರ ಹೆಸರಿನಲ್ಲಿ ಬರೆದಿಡುವ ಕೆಲಸಕ್ಕೆ ಲುತಾಂಗರ ಗ್ರಂಥವು ಉತ್ತಮ ಮಾದರಿಯಾಗಬಲ್ಲದು.