ಕೊನೆಯ ಮೈಲಿಯ ಹೊರೆ ಯಾರ ಹೆಗಲಿಗೆ?

ಆಳಂದದಿಂದ ಉಮರ್ಗಾ ಕಡೆಗೆ ಹೋಗುವ ರಸ್ತೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಊರು ಖಜೂರಿ. ಈ ಭಾಗದ ಹೊಲಗಳ ತೊಗರಿ ಮಾರುಕಟ್ಟೆ ಮುಟ್ಟಿ, ಬೇಳೆಯಾಗಿ, ನಗರದ ಅಡುಗೆಮನೆ ಸೇರುವವರೆಗೆ ಎಷ್ಟೋ ಕೈಗಳನ್ನು ದಾಟುತ್ತದೆ. ಲಾರಿಯಲ್ಲಿ ನೂರಾರು ಕಿಲೋಮೀಟರ್ ಸಾಗುವುದು ಸುಲಭದ ಮಾತು. ಗೋದಾಮಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಬಾಗಿಲಿಗೆ ಇರುವ ಕೊನೆಯ ಒಂದೆರಡು ಮೈಲಿಯೇ ಕಷ್ಟದ್ದು. ನಗರಗಳ ಹೊಗೆ, ಗದ್ದಲ, ಇಕ್ಕಟ್ಟುಗಳಲ್ಲಿ ಈ ಕೊನೆಯ ಮೈಲಿಗೂ ದೊಡ್ಡ ಪಾಲಿದೆ. ಆದ್ದರಿಂದಲೇ ಪರಿಸರಕ್ಕೆ ಹಾನಿಯಾಗದ ಸರಕು ಸಾಗಣೆಯ ಬಗ್ಗೆ ಇಂದು ಎಲ್ಲೆಡೆ ಚರ್ಚೆ ನಡೆದಿದೆ. ಆ ಚರ್ಚೆಗಿಳಿಯುವ ಮುನ್ನ ನಮ್ಮದೇ ನೆಲದ ಇತಿಹಾಸವನ್ನು ಒಮ್ಮೆ ತಿರುಗಿ ನೋಡೋಣ.

ರೈಲು ಬರುವ ಮುನ್ನ ದಖ್ಖನಿನಲ್ಲಿ ಧಾನ್ಯ, ಉಪ್ಪುಗಳನ್ನು ಊರೂರಿಗೆ ತಲುಪಿಸುತ್ತಿದ್ದವರಲ್ಲಿ ಲಂಬಾಣಿಗರು ಪ್ರಮುಖರು. ಎತ್ತುಗಳ ಬೆನ್ನ ಮೇಲೆ ಹೇರು ಹೇರಿಕೊಂಡು ಅವರ ತಂಡಗಳು ಸಾಗುತ್ತಿದ್ದವು. ಮೊಗಲರ ದಂಡಿಗೂ, ಮುಂದೆ ಬ್ರಿಟಿಷರ ದಂಡಿಗೂ ಅನ್ನ ಒದಗಿಸಿದವರು ಅವರೇ. ಎಣ್ಣೆ ಬೇಡ, ಕಲ್ಲಿದ್ದಲು ಬೇಡ. ದಾರಿಬದಿಯ ಹುಲ್ಲೇ ಇಂಧನ. 1871ರಲ್ಲಿ ಮುಂಬಯಿಯಿಂದ ಬಂದ ರೈಲುಮಾರ್ಗವು ಸೋಲಾಪುರ, ಗುಲ್ಬರ್ಗಾಗಳನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ಹೇರೆತ್ತಿನ ಕಸುಬು ಕುಸಿಯತೊಡಗಿತು. ಅದೇ 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಮುಂದೆ ಹಲವೆಡೆ ಲಂಬಾಣಿಗರ ಹೆಸರನ್ನೂ ಆ ಪಟ್ಟಿಗೆ ಸೇರಿಸಲಾಯಿತು. ನಾಡಿಗೆ ಅನ್ನ ಹೊತ್ತವರಿಗೆ ಸಿಕ್ಕ ಪ್ರತಿಫಲವಿದು!

ರೈಲು ಗುಲ್ಬರ್ಗಾಕ್ಕೆ ಬಂದರೂ ಆಳಂದಕ್ಕೆ ಬರಲಿಲ್ಲ. ಹೊಲದಿಂದ ಪೇಟೆಗೆ, ಪೇಟೆಯಿಂದ ಸ್ಟೇಷನ್ನಿಗೆ ಎತ್ತಿನ ಗಾಡಿ ಬೇಕೇ ಆಯಿತು. ಗಾಡಿಯಿಂದ ಇಳಿಸಲು, ಏರಿಸಲು ಹಮಾಲ ಬೇಕಾದ. ಹಮಾಲ ಎಂಬುದು ಅರಬಿ ಮೂಲದ ಪದ. ಹೊರುವವನು ಎಂದೇ ಅದರ ಅರ್ಥ. ಹೀಗೆ ಯಂತ್ರ ಎಷ್ಟೇ ದೂರ ಓಡಿದರೂ ಕೊನೆಯ ಹೊರೆ ಮಾತ್ರ ಎತ್ತಿನ ಮತ್ತು ಮನುಷ್ಯನ ಹೆಗಲ ಮೇಲೆಯೇ ಉಳಿಯಿತು.

ಎತ್ತಿನ ನೋವನ್ನು ಗುರುತಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ನೊಗ ಎತ್ತಿನ ಹೆಗಲನ್ನು ಗಾಯಗೊಳಿಸಬಾರದು, ಗಾಲಿ ಹಗುರವಾಗಿ ಉರುಳಬೇಕು ಎಂಬುದು ಅವರ ಕಾಳಜಿ. ದುಡಿಯುವ ಪ್ರಾಣಿಗಳಿಗಾಗಿ ಭಾರತ ಸರಕಾರವು 1965ರಲ್ಲಿ ನಿಯಮಗಳನ್ನೂ ಮಾಡಿದೆ. ಅದರಂತೆ ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಕೊಡದೆ ಸತತ 5 ಗಂಟೆ ಮೀರಿ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡಬಾರದು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ನಿಂತು ಈ ನಿಯಮವನ್ನು ಓದಿದರೆ ಒಂದು ಪ್ರಶ್ನೆ ಏಳುತ್ತದೆ. ಎತ್ತಿಗೆ ಸಿಕ್ಕ ಮಧ್ಯಾಹ್ನದ ಈ ನೆರಳು, ಚೀಲ ಹೊರುವ ಹಮಾಲನಿಗೂ, ಬೈಕಿನಲ್ಲಿ ಪಾರ್ಸೆಲ್ ಮುಟ್ಟಿಸುವ ಹುಡುಗನಿಗೂ ಯಾಕಿಲ್ಲ? ಒಬ್ಬ ಕಾರ್ಮಿಕ 55 ಕಿಲೋಗಿಂತ ಹೆಚ್ಚು ಭಾರ ಹೊರಬೇಕಾಗಿದ್ದರೆ ಅದನ್ನು ಬೇಗನೆ ಇಳಿಸಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲೇ ಸಲಹೆ ಮಾಡಿತ್ತು.

ಖಜೂರಿಯ ಗಡಿ ಇಲ್ಲಿ ಒಂದು ಪಾಠ ಹೇಳುತ್ತದೆ. 1956ರ ನವೆಂಬರ್ 1ರವರೆಗೆ ಗುಲ್ಬರ್ಗಾ, ಉಸ್ಮಾನಾಬಾದ್ ಜಿಲ್ಲೆಗಳೆರಡೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಂದು ಗಡಿ ಬಂತು, ಜೊತೆಗೆ ಕಾನೂನುಗಳೂ ಬೇರೆಯಾದವು. ಪುಣೆಯಲ್ಲಿ ಬಾಬಾ ಆಢಾವ್ ಅವರಂಥವರು ಹಮಾಲರನ್ನು ಸಂಘಟಿಸಿ ಹೋರಾಡಿದರು. ಮಹಾರಾಷ್ಟ್ರವು 1969ರಲ್ಲಿ ಮಾಥಾಡಿ ಹಮಾಲರಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಕೂಲಿ ಮಂಡಳಿಯ ಮೂಲಕ ಪಾವತಿಯಾಗುವ, ಭವಿಷ್ಯನಿಧಿ, ಬೋನಸ್ಸುಗಳಿಗೆ ದಾರಿಯಾಗುವ ವ್ಯವಸ್ಥೆ ಅದು. ಗೆರೆಯ ಆಚೆ ಈಚೆ ಚೀಲದ ಭಾರ ಒಂದೇ. ಹೊರುವವನ ಹಕ್ಕು ಮಾತ್ರ ಬೇರೆ.

ಕರ್ನಾಟಕ ಸುಮ್ಮನೆ ಕುಳಿತಿಲ್ಲ. 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಇಂದು ಹೊಗೆಯುಗುಳದ ಮೂರು ಗಾಲಿಯ ಗಾಡಿಗಳು ಓಣಿಗಳಲ್ಲಿ ಸರಕು ಮುಟ್ಟಿಸುತ್ತಿವೆ. 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆಯೂ ಬಂತು. ಕಂಪೆನಿಗಳಿಂದ ಕಲ್ಯಾಣ ಶುಲ್ಕ ಪಡೆದು ನಿಧಿ ಕಟ್ಟುವುದು ಅದರ ಉದ್ದೇಶ. ಇವೆರಡೂ ಸ್ವಾಗತಾರ್ಹ. ಆದರೆ ಇವೆರಡು ಜೊತೆಯಾಗಿ ನಡೆಯಬೇಕು. ಬ್ಯಾಟರಿ ಗಾಡಿ ಹೊಗೆಯನ್ನು ನಿಲ್ಲಿಸೀತು, ಅದನ್ನು ಓಡಿಸುವವನ ಆಯಾಸವನ್ನಲ್ಲ.

ದುಡಿತದಿಂದಲೂ ಹಸಿವಿನಿಂದಲೂ ಸೊರಗಿದ ಒಂಟೆಯೊಂದನ್ನು ಕಂಡು ಪ್ರವಾದಿ ಮುಹಮ್ಮದ್(ಸ) ಅದರ ಒಡೆಯನನ್ನು ಕರೆಸಿ ಎಚ್ಚರಿಸಿದರು. ಕೈಕೆಳಗಿನವರ ಮೇಲೆ ತಾಳಲಾರದ ಹೊರೆ ಹೊರಿಸಬಾರದು, ಹೊರಿಸಿದರೆ ತಾವೂ ಕೈಜೋಡಿಸಬೇಕು ಎಂದೂ ಕಲಿಸಿದರು. ಲಂಬಾಣಿಯ ಹೇರೆತ್ತಿಗೆ ಹೊಗೆಯಿರಲಿಲ್ಲ, ಆದರೂ ಕಾಲ ಬದಲಾದಾಗ ಲಂಬಾಣಿಯನ್ನು ನಾವು ದಾರಿಯಲ್ಲೇ ಬಿಟ್ಟೆವು. ಈಗ ಇನ್ನೊಮ್ಮೆ ಸಾಗಣೆ ಬದಲಾಗುತ್ತಿದೆ. ಈ ಸಲವೂ ಹೊರುವವನನ್ನು ಬಿಟ್ಟು ಮುಂದೆ ಹೋಗಬೇಕೇ? ಬಾಗಿಲು ತೆರೆದು ಪೊಟ್ಟಣ ಕೈಗೆತ್ತಿಕೊಳ್ಳುವ ನಾವೆಲ್ಲರೂ ಉತ್ತರಿಸಬೇಕಾದ ಪ್ರಶ್ನೆಯಿದು.