ಹಳೆಯ ಯುದ್ಧವಿಮಾನಗಳೂ ಛಾಯಾಚಿತ್ರಪ್ರಮಾಣವೂ

ಓಲೆಯ ಪ್ರತಿಯ ಕಾಲವೇ ಗ್ರಂಥದ ಕಾಲವಲ್ಲವೆಂಬುದು ಗ್ರಂಥಸಂಪಾದಕರಿಗೆಲ್ಲ ವಿದಿತವಾದ ಸಂಗತಿ. ಹಳೆಯ ಯುದ್ಧವಿಮಾನಗಳ ಛಾಯಾಚಿತ್ರಗಳನ್ನು ಚರಿತ್ರೆಗೆ ಆಧಾರವಾಗಿ ಹಿಡಿಯುವವರಿಗೂ ಇದೇ ವಿವೇಕವು ಅವಶ್ಯಕವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಡಕ್ಸ್‌ಫರ್ಡ್ ವಿಮಾನನೆಲೆಗೆ 1938ರಲ್ಲಿ ಸ್ಪಿಟ್‌ಫೈರ್ ವಿಮಾನಗಳು ಬಂದುವು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದ್ದು, ಹಳೆಯ ವಿಮಾನಗಳ ಹಾರಾಟದ ಪ್ರದರ್ಶನಗಳು ನಡೆಯುತ್ತವೆ. ಅಲ್ಲಿ ತೆಗೆದ ಚಿತ್ರಗಳಲ್ಲಿ ಜರ್ಮನ್ ಚಿಹ್ನೆಗಳುಳ್ಳ ವಿಮಾನವೊಂದು ಕಂಡರೆ, ಅದನ್ನು ‘ಮೆಸ್ಸರ್‌ಸ್ಮಿಟ್ 109’ ಎಂದು ಬರೆದಿಡುವುದು ಸುಲಭ. ಆದರೆ ಅದು ಯುದ್ಧಾನಂತರ ಸ್ಪೇನಿನ ಸೆವಿಲ್ ನಗರದಲ್ಲಿ ನಿರ್ಮಿತವಾದ ‘ಬುಚೋನ್’ ಆಗಿರಬಹುದು. ಇದರ ಒಡಲಿನ ವಿನ್ಯಾಸ ಜರ್ಮನರದು. ಯಂತ್ರವಾದರೋ ಸ್ಪಿಟ್‌ಫೈರಿಗೂ ಪ್ರಾಣವಾಗಿದ್ದ ಆಂಗ್ಲರ ಮರ್ಲಿನ್. ‘ಬ್ಯಾಟಲ್ ಆಫ್ ಬ್ರಿಟನ್’ ಎಂಬ ಚಲಚ್ಚಿತ್ರಕ್ಕಾಗಿ 1968ರಲ್ಲಿ ಇವುಗಳಿಗೆ ಜರ್ಮನ್ ಬಣ್ಣವನ್ನು ಬಳಿದರು. ಚಿತ್ರೀಕರಣದ ಒಂದು ಭಾಗವು ಡಕ್ಸ್‌ಫರ್ಡಿನಲ್ಲಿಯೇ ನಡೆಯಿತು.

ಹಾಗಾದರೆ ನಿರ್ಣಯಿಸುವುದೆಂತು? ಜರ್ಮನ್ ಯಂತ್ರವು ತಲೆಕೆಳಗಾಗಿ ಕೂಡುವುದಾದ್ದರಿಂದ ಹೊಗೆಯ ಕೊಳವೆಗಳು ಮೂತಿಯ ಕೆಳಭಾಗದಲ್ಲಿರುತ್ತವೆ. ಬುಚೋನಿನಲ್ಲಿ ಅವು ಮೇಲ್ಭಾಗದಲ್ಲಿವೆ. ಅದರ ಪಂಕಕ್ಕೆ ನಾಲ್ಕು ಅಲಗುಗಳು, ಮೆಸ್ಸರ್‌ಸ್ಮಿಟ್ಟಿಗೆ ಮೂರು. ಆದುದರಿಂದ ಪಾರ್ಶ್ವದಿಂದ ತೆಗೆದ ಚಿತ್ರವೇ ಉತ್ತಮ ಸಾಕ್ಷಿ.

ಇಲ್ಲಿ ಛಾಯಾಗ್ರಾಹಕನಿಗೊಂದು ಧರ್ಮಸಂಕಟವುಂಟು. ಪಂಕವು ಸೆಕೆಂಡಿಗೆ 20 ಸುತ್ತು ತಿರುಗುವುದೆಂದು ಇಟ್ಟುಕೊಂಡರೆ, ಸೆಕೆಂಡಿನ 1/1000 ಭಾಗದಲ್ಲಿ ಸುಮಾರು 7 ಡಿಗ್ರಿ ಮಾತ್ರ ಸರಿಯುವುದು. ಅಲಗುಗಳನ್ನು ಎಣಿಸಬಹುದು, ಆದರೆ ವಿಮಾನವು ಆಕಾಶದಲ್ಲಿ ನಿಂತಂತೆ ನಿರ್ಜೀವವಾಗಿ ತೋರುವುದು. 1/125 ಭಾಗದಲ್ಲಿ ಸುಮಾರು 58 ಡಿಗ್ರಿ ಸರಿದು, ಚಿತ್ರಕ್ಕೆ ಜೀವಕಳೆ ಬರುವುದು, ಎಣಿಕೆ ತಪ್ಪುವುದು. ಒಂದರಲ್ಲಿ ರಸ, ಇನ್ನೊಂದರಲ್ಲಿ ಪ್ರಮಾಣ. ಎರಡನ್ನೂ ತೆಗೆದಿಡುವುದೇ ಯುಕ್ತ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಪಿ 7350 ಸಂಖ್ಯೆಯ ಸ್ಪಿಟ್‌ಫೈರ್ 1940ರ ಬ್ರಿಟನ್ ಯುದ್ಧದಲ್ಲಿ ನಿಜವಾಗಿಯೂ ಹೋರಾಡಿದುದು. 1948ರಲ್ಲಿ ಗುಜರಿಗೆ ಮಾರಾಟವಾಗಿಯೂ ಉಳಿದುಕೊಂಡು, ಅದೇ ಚಲಚ್ಚಿತ್ರದ ನಿಮಿತ್ತ ಮತ್ತೆ ಹಾರಿತು. ಅದರ ಮೈಮೇಲೆ ಕಾಲಕಾಲಕ್ಕೆ ಬೇರೆ ವಿಮಾನಗಳ ಅಕ್ಷರಗಳನ್ನು, ಅವುಗಳಲ್ಲಿ ಹಾರಿದ ಯೋಧರ ಗೌರವಾರ್ಥವಾಗಿ, ಬರೆದಿದ್ದಾರೆ. ಒಡಲು ಸತ್ಯ, ಲೇಖನವು ಅನ್ಯರ ಸ್ಮರಣೆ.

ಸ್ಮರಣೆಯಲ್ಲಿ ದೋಷವಿಲ್ಲ. ಅದನ್ನೇ ಸಾಕ್ಷ್ಯವೆಂದು ಬಗೆದರೆ ಒಬ್ಬ ಯೋಧನ ವಿಮಾನವನ್ನು ಮತ್ತೊಬ್ಬನಿಗೆ ಕೊಟ್ಟಂತಾಗುವುದು. ಚಿತ್ರದ ಹಿಂಬದಿಯಲ್ಲಿ ತೆಗೆದ ದಿನ, ಸ್ಥಳ, ನಿರ್ಮಾಣಸಂಖ್ಯೆ, ಅಂದಿನ ಬಣ್ಣ, ಈ ನಾಲ್ಕನ್ನೂ ಬರೆದಿಟ್ಟರೆ ಮುಂದಿನ ಸಂಶೋಧಕನು ಋಣಿಯಾಗಿರುವನು.