ಮಕ್ಕಳ ಗುಲ್ಮವೂ ಊರಿನ ಜ್ವರವೂ

ಕಡೂರು ಜಿಲ್ಲೆಯೆಂಬ ಹೆಸರು 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂದು ಮಾರ್ಪಟ್ಟಿತು. ಹಳೆಯ ಹೆಸರಿನೊಡನೆ ಚಳಿಜ್ವರದ ಅಪಕೀರ್ತಿಯೊಂದು ಬಹುಕಾಲ ಅಂಟಿಕೊಂಡಿದ್ದಿತು. ಕಡೂರು ಅಜ್ಜಂಪುರಗಳದು ಬಯಲುಸೀಮೆಯ ಒಣ ಹವೆ. ತರೀಕೆರೆಯನ್ನು ಬಿಟ್ಟು ಲಕ್ಕವಳ್ಳಿಯ ಕಾಡಿನ ಕಡೆಗೆ ತಿರುಗಿದರೆ ಬೇರೊಂದು ಲೋಕ. ಅಲ್ಲಿಂದಾಚೆಗೆ ಮಲೆನಾಡಿನ ಜ್ವರದ ಸೀಮೆ.

ಒಂದು ಊರಿನಲ್ಲಿ ಜ್ವರವೆಷ್ಟೆಂದು ಅಳೆಯುವುದು ಹೇಗೆ? 1840ರ ದಶಕದಲ್ಲಿ ಉತ್ತರ ಹಿಂದೂಸ್ಥಾನದ ಕಾಲುವೆಗಳ ಪ್ರದೇಶದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಹಳ್ಳಿಗರ ಹೊಟ್ಟೆಯನ್ನು ಮುಟ್ಟಿ ನೋಡಿ, ಗುಲ್ಮ ಬೆಳೆದವರನ್ನು ಎಣಿಸಿದನು. ಮುಂದೆ ಈ ಎಣಿಕೆಗೆ ಮಕ್ಕಳನ್ನೇ ಆರಿಸಿಕೊಂಡರು. ಜ್ವರ ಬೇರೂರಿದ ಊರಿನಲ್ಲಿ ದೊಡ್ಡವರ ದೇಹವು ಅದಕ್ಕೆ ಒಗ್ಗಿ, ಗುಲ್ಮವು ಕುಗ್ಗುವುದುಂಟು; ಎರಡರಿಂದ ಒಂಬತ್ತು ವರ್ಷದ ಮಗುವಿನ ಹೊಟ್ಟೆ ಸುಳ್ಳು ಹೇಳದು. ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಗುಲ್ಮವಿದ್ದರೆ ಆ ಊರು ಉಗ್ರ ಜ್ವರಪೀಡಿತವೆಂದು 1950ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಂಪಾಲಾ ಸಮ್ಮೇಳನವು ಗೊತ್ತುಮಾಡಿತು. ನಮ್ಮ ಸೀಮೆಗೂ ಶೋಧಕರು ಬಂದರು: 1920ರ ದಶಕದ ಕೊನೆಗೆ ಮೈಸೂರು ಸರ್ಕಾರವು ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಮಲೇರಿಯಾ ಶೋಧನೆಗೆ ತೊಡಗಿದಾಗ ಈ ಜಿಲ್ಲೆಯ ಮೂಡಿಗೆರೆಯೂ ಒಂದು ಕೇಂದ್ರವಾಯಿತು.

ಮಗುವನ್ನು ನಿಲ್ಲಿಸಿಯೋ ಮಲಗಿಸಿಯೋ ಎಡಪಕ್ಕೆಯ ಕೆಳಗೆ ಬೆರಳೊತ್ತಿ ನೋಡುವುದು ಕ್ಷಣಮಾತ್ರದ ಕೆಲಸ. ನೋವೂ ಅಲ್ಪವೇ. ಆದರೆ ಎಣಿಕೆಯಿಂದ ಉಪಕಾರವಾಗುವುದು ಊರಿಗೆ. ಬೆರಳಿಗೆ ಗಡ್ಡೆ ತಗುಲಿದ ಮಗುವಿಗೆ ಬೇಕಾದುದು ಕ್ವಿನೈನು. ಇವೆರಡೂ ಒಂದೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಗುವನ್ನು ಕೇಳಿ ಮುಟ್ಟಬೇಕೆಂದು ಆ ಕಾಲದಲ್ಲಿ ಹೆಚ್ಚು ಮಂದಿಗೆ ತೋಚಿರಲಾರದು.

ಇದು ಹೊಸ ರೂಢಿಯೂ ಅಲ್ಲ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಿಕೆಗೆ ಸಿಡುಬಿನ ದಾಕು ಹಾಕಿ, ಅವಳ ತೋಳಿನಿಂದ ತೆಗೆದ ರಸವನ್ನು ಇತರ ಮಕ್ಕಳಿಗೆ ಹಾಕಿದರು. ಹೀಗೆ ತೋಳಿನಿಂದ ತೋಳಿಗೆ ಅದು ದೇಶದ ದೂರದೂರದ ಪಟ್ಟಣಗಳಿಗೆ ಹಬ್ಬಿತು. ಮಗುವಿನ ತೋಳೇ ಔಷಧದ ಸೀಸೆ! ಉಳಿದ ಪ್ರಾಣಗಳಿಗೆ ಲೆಕ್ಕವಿಲ್ಲ, ನಿಜ. ಆ ಸೀಸೆಗೆ ಬಾಯಿಯಿದ್ದುದನ್ನು ಮಾತ್ರ ಯಾರೂ ನೆನೆಯಲಿಲ್ಲ.

1860ರ ದಂಡಸಂಹಿತೆಯು ಹನ್ನೆರಡು ವರ್ಷ ತುಂಬದ ಮಗುವಿನ ಒಪ್ಪಿಗೆಯನ್ನು ಒಪ್ಪಿಗೆಯೆಂದೇ ಎಣಿಸಲಿಲ್ಲ. ಪೋಷಕರ ಮಾತೇ ಸಾಕೆಂದಿತು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯಾದರೋ, ತನ್ನ ವಿಷಯದಲ್ಲಿ ಮಾತಾಡಬಲ್ಲ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸಿಗೂ ಬಲಿತ ಬುದ್ಧಿಗೂ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. ಭಾರತವು 1992ರ ಡಿಸೆಂಬರ್ 11ರಂದು ಅದಕ್ಕೆ ಸಮ್ಮತಿಸಿತು. 2024ರ ಜುಲೈ 1ರಂದು ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು; ಹನ್ನೆರಡರ ಗಡಿ ಅದರಲ್ಲಿಯೂ ಹಾಗೆಯೇ ನಿಂತಿದೆ.